ಯಂತ್ರ ಕಲಿಯಬೇಕು, ಆದರೆ ಕಾರ್ಡಿನಲ್ಲಿ: ಉತ್ತರ ಕನ್ನಡದ ನಕ್ಷೆ ಮೇಲೆ ಕಟ್ಟಿದ ಒಂದು ಬೋರ್ಡ್ ಗೇಮ್

ಮನುಷ್ಯರಿಗೂ ಕೃತಕ ಬುದ್ಧಿಮತ್ತೆಗೂ ಕಾಳಗ ಎಂದೊಡನೆ ಮೊದಲು ಕೈಗೆ ಬರುವುದು ರೋಬೋಟ್ ಸೈನ್ಯ. ಆ ರೋಬೋಟ್‌ಗಳನ್ನು ತೆಗೆದು ರಾಕ್ಷಸರನ್ನು ಇಟ್ಟರೂ ನಿಯಮದಲ್ಲಿ ಒಂದಕ್ಷರ ಬದಲಾಗುವುದಿಲ್ಲ ಎಂದಾದರೆ ಅದು ರಾಕ್ಷಸರ ಆಟವೇ. ನಾವು ಕಾರವಾರ, ಶಿರಸಿ ಸೀಮೆಯಲ್ಲಿ ಕಟ್ಟಿದ ಆಟಕ್ಕೆ ಎರಡೇ ಕಟ್ಟಳೆ ಇಟ್ಟುಕೊಂಡೆವು: ಎದುರಾಳಿ ಕರೆಂಟಿನ ಮೇಲೆ ಬದುಕಬೇಕು, ಆಟಗಾರರ ನಡೆ ನೋಡಿ ಕಲಿಯಬೇಕು. ಉಳಿದದ್ದೆಲ್ಲ ಇವೆರಡರಿಂದ ಹುಟ್ಟಿದ್ದು.

ಆಟಗಾರರೆಲ್ಲ ಒಂದೇ ಪಕ್ಷ; ಎದುರಾಳಿಯಾದ ಯಂತ್ರದ ನಡೆಗಳು ಒಂದು ಕಾರ್ಡಿನ ಕಟ್ಟಿನಿಂದ ಬರುತ್ತವೆ. ಯಂತ್ರಕ್ಕೆ ದ್ವೇಷವಿಲ್ಲ. ವಿದ್ಯುತ್ ಜಾಲವನ್ನು ಅಡೆತಡೆಯಿಲ್ಲದೆ ನಡೆಸು ಎಂದು ಅದಕ್ಕೆ ಕೆಲಸ ಒಪ್ಪಿಸಲಾಗಿದೆ; ಸ್ವಿಚ್ ಆರಿಸುವ ಮನುಷ್ಯ ಅದರ ಲೆಕ್ಕದಲ್ಲಿ ಒಂದು ಫಾಲ್ಟ್. ಹಾಗಾಗಿ ಅದು ಊರು ಸುಡುವುದಿಲ್ಲ, ಊರಿನ ಲೈನು ತೆಗೆಯುತ್ತದೆ. 12 ತಾಲೂಕುಗಳಲ್ಲಿ 7 ಕತ್ತಲಾದರೆ ಆಟಗಾರರು ಸೋತರು. 5 ಜಲವಿದ್ಯುತ್ ಠಾಣೆಗಳಲ್ಲಿ 4ನ್ನು 8 ಸುತ್ತಿನೊಳಗೆ ಯಂತ್ರದಿಂದ ಬಿಡಿಸಿ ಕೈಯಾರೆ ನಡೆಸಿದರೆ ಗೆದ್ದರು.

ನಕ್ಷೆಯಲ್ಲಿ 18 ಮನೆಗಳಿವೆ: 12 ತಾಲೂಕು ಕೇಂದ್ರಗಳು, ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ ಠಾಣೆಗಳು, ಮತ್ತು ಕೈಗಾ ಅಣುವಿದ್ಯುತ್ ಸ್ಥಾವರ. ಕರಾವಳಿಯ ಐದು ತಾಲೂಕುಗಳು ಹೆದ್ದಾರಿ ಮತ್ತು ಕೊಂಕಣ ರೈಲಿನ ಉದ್ದಕ್ಕೆ ಸಾಲಾಗಿ ಕೂತಿವೆ, ಏಳು ಘಟ್ಟದ ಮೇಲಿವೆ. ಎರಡನ್ನೂ ಸೇರಿಸಲು ಅಣಶಿ, ಅರಬೈಲು, ದೇವಿಮನೆ, ಗೇರುಸೊಪ್ಪ ಈ ನಾಲ್ಕು ದಾರಿಗಳನ್ನಷ್ಟೇ ಇಟ್ಟೆವು. ಬೇರೆ ಘಟ್ಟದಾರಿಗಳೂ ಉಂಟು. ಎಲ್ಲವನ್ನೂ ಬಿಡಿಸಿದರೆ ಯಾರು ಎಲ್ಲಿಗಾದರೂ ಹೋಗಬಹುದು, ಆಗ ಘಟ್ಟ ಎಂಬುದಕ್ಕೆ ಅರ್ಥವಿಲ್ಲ. ಕಾರವಾರದ ನೌಕಾನೆಲೆಯನ್ನು ಬೇಕೆಂದೇ ಬಿಟ್ಟೆವು, ಅದು ಬಂದರೆ ಆಟ ಕ್ಷಿಪಣಿಗಳ ಕಡೆ ವಾಲುತ್ತದೆ. ಕೈಗಾದ ಮೇಲೆ ಯಾವ ಪಕ್ಷಕ್ಕೂ ದಾಳಿಯ ನಡೆ ಇಲ್ಲ. 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಅಲ್ಲಿವೆ, ತಂಪಿಗೆ ಬೇಕಾದ ನೀರು ಕದ್ರಾ ಜಲಾಶಯದ್ದು. ಆದ್ದರಿಂದ ಕದ್ರಾ ಯಾರ ಕೈಯಲ್ಲಿದೆಯೋ ಕೈಗಾದ ಲೈನೂ ಅವರದು.

ನೀರಿನ ನಿಯಮ ನಕ್ಷೆಯಿಂದಲೇ ಸಿಕ್ಕಿತು. ಕಾಳಿ ನದಿ ಸೂಪಾದಿಂದ ನಾಗಝರಿ, ಕೊಡಸಳ್ಳಿ, ಕದ್ರಾ ಈ ಕ್ರಮದಲ್ಲಿ ಇಳಿಯುತ್ತದೆ. ಪ್ರತಿ ಸುತ್ತಿಗೆ ಸೂಪಾದಲ್ಲಿ ಒಂದು ನೀಲಿ ಕಾಯಿ ಇಡಬೇಕು. ಹಿಂದಿನ ಕಾಯಿಗಳು ಒಂದೊಂದು ಮನೆ ಕೆಳಗೆ ಸರಿಯುತ್ತವೆ. ನೀಲಿ ಕಾಯಿ ಇಲ್ಲದ ಠಾಣೆಯಲ್ಲಿ ಆ ಸುತ್ತು ಕರೆಂಟಿಲ್ಲ. ಯಂತ್ರ 2ನೇ ಸುತ್ತಿನಲ್ಲಿ ಸೂಪಾದ ಗೇಟು ಮುಚ್ಚಿದರೆ ಕದ್ರಾಕ್ಕೆ ಅದು ತಟ್ಟುವುದು 5ನೇ ಸುತ್ತಿನಲ್ಲಿ. ಮೂರು ಸುತ್ತು ಮೊದಲೇ ಕಾಣುವ ಅಪಾಯ ಆಟಗಾರರನ್ನು ಲೆಕ್ಕ ಹಾಕುವಂತೆ ಮಾಡುತ್ತದೆ, ಡೈಸ್‌ನ ಅಪಾಯ ಹಾಗೆ ಮಾಡುವುದಿಲ್ಲ. ಗೇರುಸೊಪ್ಪ ಮಾತ್ರ ಶರಾವತಿಯದು, ಈ ಸರಪಳಿಗೆ ಸೇರಿಲ್ಲ. ಹಾಗಾಗಿ ಎಲ್ಲರೂ ಮೊದಲು ಅಲ್ಲಿಗೇ ಓಡುತ್ತಾರೆ. ಉಳಿದ ಠಾಣೆ ಬಿಡಿಸಲು 4 ನಡೆ ಸಾಕು, ಗೇರುಸೊಪ್ಪಕ್ಕೆ 6 ಎಂದು ಇಟ್ಟದ್ದು ಅದಕ್ಕೇ. ಠಾಣೆಗಳ ಬಲವನ್ನು, ಅಂದರೆ ಅವು ಕೊಡುವ ಕರೆಂಟನ್ನು, ನಿಜವಾದ ಮೆಗಾವ್ಯಾಟ್‌ಗೆ ತಕ್ಕಂತೆ ಇಡಲಾಗದು: ಕೊಡಸಳ್ಳಿ 120, ಕದ್ರಾ 150, ಗೇರುಸೊಪ್ಪ 240, ನಾಗಝರಿ ಒಂದೇ 800 ದಾಟುತ್ತದೆ. ಅದೇ ಅನುಪಾತದಲ್ಲಿ ಬಿಟ್ಟರೆ ಆಟವೆಲ್ಲ ನಾಗಝರಿಯೊಂದಕ್ಕೇ ನಡೆಯುತ್ತದೆ. ನಾಗಝರಿಗೆ 3, ಗೇರುಸೊಪ್ಪಕ್ಕೆ 2, ಉಳಿದವಕ್ಕೆ 1 ಎಂದು ಕುಗ್ಗಿಸಿದೆವು.

ಇನ್ನು ಕಲಿಕೆ. ಹೆಚ್ಚು ತಲೆ ಕೆಡಿಸಿದ್ದೂ ಇದೇ, ಆಟದ ಜೀವವೂ ಇದೇ.

ಆಟಗಾರರಿಗೆ ಆರು ನಡೆ: ಓಡಾಟ, ತಂತಿ ಕಡಿಯುವುದು, ರೇಡಿಯೊ ಕಟ್ಟುವುದು, ಜನ ಸೇರಿಸುವುದು, ಠಾಣೆ ಬಿಡಿಸುವುದು, ಸುಳ್ಳುಣಿಸುವುದು. ನಡುವಿನ ನಾಲ್ಕಕ್ಕೆ ಬೋರ್ಡಿನ ಅಂಚಿನಲ್ಲಿ ಒಂದೊಂದು ಪಟ್ಟಿ. ನಡೆ ಆಡಿದಾಗಲೆಲ್ಲ ಅದರ ಪಟ್ಟಿಯ ಕಾಯಿ ಒಂದು ಮೆಟ್ಟಿಲು ಏರುತ್ತದೆ. ಸುತ್ತಿನ ಕೊನೆಗೆ ಎತ್ತರದಲ್ಲಿರುವ ಪಟ್ಟಿಯನ್ನು ಯಂತ್ರ ಕಲಿಯಿತು ಎಂದರ್ಥ: ಆ ನಡೆಯ ಪ್ರತಿತಂತ್ರದ ಕಾರ್ಡೊಂದು ಯಂತ್ರದ ಕಟ್ಟಿಗೆ ಸೇರುತ್ತದೆ, ಆ ಪಟ್ಟಿ ಸೊನ್ನೆಗೆ ಇಳಿಯುತ್ತದೆ. ಉಳಿದ ಮೂರು ಇದ್ದಲ್ಲೇ ಇರುತ್ತವೆ. ರೇಡಿಯೊ ಹೆಚ್ಚು ಬಳಸಿದವರಿಗೆ ಅಲೆಯನ್ನು ಕೆಡಿಸುವ ಜ್ಯಾಮರ್, ತಂತಿ ಹೆಚ್ಚು ಕಡಿದವರಿಗೆ ಬದಲಿ ಲೈನು, ಜನ ಸೇರಿಸಿದವರಿಗೆ ಸುಳ್ಳು ಸಂದೇಶ, ಠಾಣೆಗೆ ಮುಗಿಬಿದ್ದವರಿಗೆ ಗೇಟಿನ ಬೀಗ.

ಓಡಾಟಕ್ಕೆ ಪಟ್ಟಿ ಕೊಡಬಾರದು. ಎಲ್ಲರೂ ಪ್ರತಿ ಸುತ್ತು ಓಡಾಡುತ್ತಾರಾದ್ದರಿಂದ ಯಂತ್ರ ಕಲಿಯುವುದು ಅದೊಂದನ್ನೇ ಆಗುತ್ತದೆ. ಎರಡು ಪಟ್ಟಿ ಸಮವಾದರೆ ಯಂತ್ರ ಏನೂ ಕಲಿಯದು ಎಂಬ ನಿಯಮವೂ ಕೆಡಿಸುತ್ತದೆ. ಜಾಣರು ಪ್ರತಿ ಸುತ್ತು ಲೆಕ್ಕ ಹಾಕಿ ಸಮ ಮಾಡಿಬಿಡುತ್ತಾರೆ, ಎದುರಾಳಿ ಹೆಡ್ಡನಾಗಿಯೇ ಉಳಿಯುತ್ತದೆ. ಸಮವಾದರೆ ಎರಡನ್ನೂ ಕಲಿಯುತ್ತದೆ ಎಂದು ತಿರುಗಿಸಿದರೆ ಆ ಕಿಂಡಿ ಮುಚ್ಚುತ್ತದೆ. ಆಮೇಲೆ ಸುಳ್ಳುಣಿಸುವ ನಡೆಗೆ ಬೆಲೆ ಬರುತ್ತದೆ. ಒಂದು ನಡೆ ಖರ್ಚು ಮಾಡಿ, ಏನೂ ಮಾಡದೆ, ಬೇಕಾದ ಪಟ್ಟಿಯನ್ನು ಒಂದು ಮೆಟ್ಟಿಲು ಏರಿಸಬಹುದು. ಕಲಿಯುವ ಯಂತ್ರಕ್ಕೆ ಕೆಟ್ಟ ದತ್ತಾಂಶ ತಿನ್ನಿಸುವುದು ನಿಜವಾಗಿಯೂ ಇರುವ ದಾಳಿ, ಇಲ್ಲಿ ಅದು ಒಂದೇ ಸಾಲಿನ ನಿಯಮ.

ಕಲಿತ ಕಾರ್ಡನ್ನು ಕಟ್ಟಿನ ಎಲ್ಲಿ ಸೇರಿಸುವುದು? ಯಂತ್ರದ ಕಟ್ಟು 20 ಕಾರ್ಡುಗಳದು. 1ರಿಂದ 3ನೇ ಸುತ್ತಿಗೆ 2, 4ರಿಂದ 6ಕ್ಕೆ 3, ಕೊನೆಯ ಎರಡಕ್ಕೆ 4 ಕಾರ್ಡು ತೆರೆದರೆ ಒಟ್ಟು 23. ಆಡಿದ ರಾಶಿಗೆ ಸೇರಿಸಿದರೆ ಕಲಿತದ್ದು ಬರುವಷ್ಟರಲ್ಲಿ ಆಟ ಮುಗಿದಿರುತ್ತದೆ. ಮೇಲೆಯೇ ಇಟ್ಟರೆ ಮುಂದಿನ ಸುತ್ತಿಗೆ ಬರುವುದು ಖಚಿತವಾಗಿ ಗೊತ್ತಿರುತ್ತದೆ. ಮೇಲಿನ 4 ಕಾರ್ಡಿನ ಜೊತೆ ಕಲಸಿ ವಾಪಸ್ ಇಡುವುದು ಸರಿ: ಮುಂದಿನ ಸುತ್ತಿಗೆ 2 ತೆರೆಯುವುದಿದ್ದರೆ ಅದು ಬರುವ ಸಾಧ್ಯತೆ 40%, 3 ಇದ್ದರೆ 60%, 4 ಇದ್ದರೆ 80%. ಯಂತ್ರ ಚುರುಕಾಗುತ್ತಾ ಹೋಗುವುದು ಬೇರೆ ನಿಯಮವಿಲ್ಲದೆ ಕಾಣುತ್ತದೆ.

ಪ್ರತಿ ಕಾರ್ಡಿನಲ್ಲೂ ಮೂರು ಸಾಲು, ಮೇಲಿನದು ಆಗದಿದ್ದರೆ ಕೆಳಗಿನದು: ಪಕ್ಕದಲ್ಲಿ ಕಾವಲಿಲ್ಲದ ಠಾಣೆ ಇದ್ದರೆ ಹಿಡಿ; ಇಲ್ಲದಿದ್ದರೆ ಹತ್ತಿರದ ತಾಲೂಕಿನ ಲೈನು ತೆಗೆ; ಅದೂ ಇಲ್ಲದಿದ್ದರೆ ಯಂತ್ರದ ಒಂದು ಕಪ್ಪು ಕಾಯಿ ಇಡು. "ಹತ್ತಿರದ" ಎಂಬಲ್ಲೇ ಜಗಳ ಹುಟ್ಟುವುದು. ಮನೆಗಳಿಗೆ 1ರಿಂದ 18 ಅಂಕಿ ಬರೆದು, ಸಮ ದೂರವಿದ್ದರೆ ಬೆಸ ಸುತ್ತಿನಲ್ಲಿ ಚಿಕ್ಕ ಅಂಕಿ, ಸಮ ಸುತ್ತಿನಲ್ಲಿ ದೊಡ್ಡ ಅಂಕಿ ಎಂದಿಟ್ಟೆವು. ಯಾವಾಗಲೂ ಚಿಕ್ಕದೇ ಎಂದರೆ 1ನೇ ಮನೆಯಾದ ಕಾರವಾರಕ್ಕೆ ಪ್ರತಿ ಸಲವೂ ಕತ್ತಲೆ.

ಎಲ್ಲರೂ ಒಂದೇ ಪಕ್ಷವಾದ ಆಟಗಳ ಹಳೇ ರೋಗ, ಒಬ್ಬರು ಎಲ್ಲರ ನಡೆಯನ್ನೂ ಹೇಳಿಕೊಡುವುದು. ಇದಕ್ಕೆ ಮದ್ದು ರೇಡಿಯೊದಲ್ಲೇ ಸಿಕ್ಕಿತು. ವಿಎಚ್‌ಎಫ್ (ವಾಕಿಟಾಕಿಯಂಥ ರೇಡಿಯೊಗಳ) ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ತಡೆಯುತ್ತದೆ. ಆದ್ದರಿಂದ ಯಾವುದಾದರೂ ಘಟ್ಟದ ತಲೆಯಲ್ಲಿ ರಿಪೀಟರ್ (ಅಲೆಯನ್ನು ಹಿಡಿದು ಮತ್ತೆ ಮುಂದಕ್ಕೆ ಬಿಡುವ ಸಾಧನ) ಕಟ್ಟುವ ತನಕ ಘಟ್ಟದ ಮೇಲಿರುವವರೂ ಕೆಳಗಿರುವವರೂ ಮೇಜಿನಲ್ಲಿ ಪರಸ್ಪರ ಮಾತಾಡುವಂತಿಲ್ಲ. ಸನ್ನೆಯೂ ಇಲ್ಲ. ಯಂತ್ರ ಜ್ಯಾಮರ್ ಹಾಕಿದರೆ ಮಾತು ಮತ್ತೆ ಬಂದ್.

ಆಟಗಾರರು ಎಷ್ಟೇ ಇರಲಿ, ಸುತ್ತಿಗೆ ಒಟ್ಟು 8 ನಡೆ. ಇಬ್ಬರಾದರೆ ತಲಾ 4, ನಾಲ್ವರಾದರೆ ತಲಾ 2, ಮೂವರಾದರೆ 3, 3, 2. ಆ 2 ನಡೆಯ ಪಾಲು ಸರದಿಯಂತೆ ತಿರುಗಲಿ. ತಲಾ ಇಷ್ಟು ಎಂದು ಕೊಟ್ಟರೆ ನಾಲ್ವರ ಆಟ ಇಬ್ಬರ ಆಟದ ಎರಡರಷ್ಟು ಸುಲಭವಾಗುತ್ತದೆ.

4, 5, 6ನೇ ಸುತ್ತು ಮಳೆಗಾಲ. ಡೈಸ್ ಬದಲು ಚೌಕಾಬಾರದ 4 ಕವಡೆ ಎಸೆಯಬೇಕು. ಬಾಯಿ ಮೇಲಾದದ್ದು ಒಂದಕ್ಕಿಂತ ಹೆಚ್ಚಿಲ್ಲದಿದ್ದರೆ ಎಲ್ಲ ದಾರಿ ತೆರೆದಿರುತ್ತದೆ, ಎರಡಾದರೆ ಒಂದು ಘಟ್ಟ ಬಂದ್, ಮೂರಾದರೆ ಎರಡು, ನಾಲ್ಕೂ ಬಾಯಿ ಮೇಲಾಗಿ ಚೌಕ ಬಿದ್ದರೆ ನಾಲ್ಕು ಘಟ್ಟವೂ. ಕವಡೆ ಎರಡು ಬದಿಗೂ ಸಮವಾಗಿ ಬಿದ್ದರೆ ಚೌಕದ ಸಾಧ್ಯತೆ 16ರಲ್ಲಿ 1, ಮೂರು ಸುತ್ತಿನಲ್ಲಿ ಒಮ್ಮೆಯಾದರೂ ಬೀಳುವುದು ಸುಮಾರು 18%. ಆದರೆ ಕವಡೆ ಅಷ್ಟು ನಿಯತ್ತಿನದಲ್ಲ. 100ಕ್ಕೆ 60 ಸಲ ಬಾಯಿ ಮೇಲಾಗುವ ಕವಡೆಗಳಲ್ಲಿ ಇದೇ ಲೆಕ್ಕ 34%ಕ್ಕೆ ಏರುತ್ತದೆ. ಪ್ರತಿ ಕವಡೆಯನ್ನೂ 200 ಸಲ ಎಸೆದು, 90ರಿಂದ 110 ಸಲ ಬಾಯಿ ಮೇಲಾದದ್ದನ್ನು ಮಾತ್ರ ಇಟ್ಟುಕೊಳ್ಳಬೇಕು. ಗುಡ್ಡ ಕುಸಿತದ ಕಾರ್ಡು ಇದೆ, ಅದಕ್ಕೆ ಶಿರೂರಿನ ಹೆಸರು ಹಾಕಲಿಲ್ಲ. 2024ರ ಜುಲೈನಲ್ಲಿ ಅಲ್ಲಿ ಗುಡ್ಡ ಕುಸಿದದ್ದು ಇಲ್ಲಿ ಯಾರಿಗೂ ಮರೆತಿಲ್ಲ.

ಸಾಮಗ್ರಿ ಸರಳ. 63×88 ಮಿ.ಮೀ. ಅಳತೆಯ ಕಾರ್ಡು ಎ4 ಹಾಳೆಗೆ 9 ಕೂರುತ್ತವೆ. ಯಂತ್ರದ 20, ಪ್ರತಿತಂತ್ರದ 16 (ನಾಲ್ಕು ಪಟ್ಟಿಗೆ ನಾಲ್ಕರಂತೆ) ಸೇರಿ 36, ಅಂದರೆ ಸರಿಯಾಗಿ 4 ಹಾಳೆ; ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು, ಅಂದರೆ 300 ಜಿಎಸ್‌ಎಂ. ಬೋರ್ಡು ಎ2, ನಾಲ್ಕು ಎ4 ತುಂಡುಗಳಲ್ಲಿ, 2 ಮಿ.ಮೀ. ರಟ್ಟಿನ ಮೇಲೆ. ನಮ್ಮ ಕಡೆಯ ಮಳೆಗಾಲದಲ್ಲಿ ಕೆಡುವುದು ಇಲ್ಲೇ. ನೀರಿನಂಶದ ಗೋಂದು ಹಚ್ಚಿದ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ನಕ್ಷೆ ಅಂಟಿಸಿದ ಕೂಡಲೇ ಹಿಂಬದಿಗೂ ಅದೇ ದಪ್ಪದ ಖಾಲಿ ಕಾಗದ ಅಂಟಿಸಿ, ರಾತ್ರಿಯಿಡೀ ಭಾರದ ಅಡಿ ಇಟ್ಟರೆ ಎಳೆತ ಎರಡೂ ಕಡೆ ಸಮ. ಕಾರ್ಡಿಗೆ ಒಂದೇ ಬದಿ ಲ್ಯಾಮಿನೇಶನ್ ಬೇಡ: ಬಿಟ್ಟ ಬದಿ ತೇವ ಹೀರಿ ಹಿಗ್ಗುತ್ತದೆ, ಸುರುಳಿ ಸುತ್ತಿದ ಕಾರ್ಡನ್ನು ಕಟ್ಟಿನಲ್ಲಿ ದೂರದಿಂದಲೇ ಗುರುತಿಸಬಹುದು, ಕಲಸಿದ್ದೂ ವ್ಯರ್ಥ. ಎರಡೂ ಬದಿ, ಇಲ್ಲವೇ ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಕವರ್.

ಆಡಿಸಿ ನೋಡುವಾಗ ನಿಯಮದ ಹಾಳೆ ಕೊಟ್ಟು ಸುಮ್ಮನೆ ಕೂರಬೇಕು, ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಆ ಸಾಲಿಗೆ ಗುರುತು ಹಾಕಬೇಕು. ಹತ್ತು ಆಟಕ್ಕೆ ನಾಲ್ಕೈದು ಮನುಷ್ಯರು ಗೆದ್ದರೆ ಹದ ಬಂದಿದೆ. ಹೊಸಬರಿಗೆ ಸಡಿಲಿಸುವುದಿದ್ದರೆ ಗೆಲುವಿನ ಷರತ್ತನ್ನು ಮುಟ್ಟಬಾರದು, ಸುತ್ತು ಹೆಚ್ಚಿಸಲೂಬಾರದು. ಕೊನೆಯ ಎರಡು ಸುತ್ತಿನಲ್ಲಿ 4ರ ಬದಲು 3 ಕಾರ್ಡು ತೆರೆದರೆ 23 ಇದ್ದದ್ದು 21 ಆಗುತ್ತದೆ, ಅಷ್ಟೇ ಸಾಕಾಗುತ್ತದೆ. ಪಳಗಿದವರಿಗೆ ಬಿಗಿ ಮಾಡಲು ಸುಳ್ಳುಣಿಸುವ ನಡೆಯ ಬೆಲೆಯನ್ನು ಒಂದರಿಂದ ಎರಡಕ್ಕೆ ಏರಿಸಬೇಕು.