ನ್ಯಾಸ್‌ಗೆ ಹಾರ್ಡ್ ಡಿಸ್ಕ್ ಆರಿಸಿದ ನನ್ನ ಅನುಭವ

ಮನೆಯವರೆಲ್ಲರ ಫೋಟೊ, ವಿಡಿಯೊ ಒಂದೇ ಕಡೆ ಇರಲಿ ಅಂತ ಎರಡು ಡಿಸ್ಕ್ ಹಿಡಿಸುವ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ತಂದೆ. ಅದಕ್ಕೆ 4 ಟಿಬಿ ಡಿಸ್ಕ್ ಹುಡುಕುವಾಗ ಬೆಲೆಗಿಂತ ಮೊದಲು ನೋಡಿದ್ದು, ಅದು ಸಿಎಂಆರ್ ಡಿಸ್ಕೋ ಎಸ್‌ಎಂಆರ್ ಡಿಸ್ಕೋ ಅನ್ನೋದನ್ನ.

ಎಸ್‌ಎಂಆರ್ ಡಿಸ್ಕಿನಲ್ಲಿ ಡೇಟಾ ಬರೆಯುವ ಗೆರೆಗಳು, ಅಂದರೆ ಟ್ರ್ಯಾಕುಗಳು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ; ಸಿಎಂಆರ್‌ನಲ್ಲಿ ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನಾ ನಾಲ್ಕು ಫೈಲ್ ಹಾಕುವಾಗ ಇದು ಗೊತ್ತೇ ಆಗಲ್ಲ. ಮಿರರ್‌ನಲ್ಲಿ (ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ ಇಡುವ ಜೋಡಣೆ) ಒಂದು ಡಿಸ್ಕ್ ಹೋಗಿ ಹೊಸದು ಹಾಕಿದಿರಿ ಅಂದುಕೊಳ್ಳಿ. ಆಗ ಇಡೀ ಡಿಸ್ಕಿಗೆ ಬಿಡುವಿಲ್ಲದೆ ಬರೆಯಬೇಕಾಗುತ್ತೆ, ವೇಗ ಕುಸಿಯುತ್ತೆ. ಅದು ಮುಗಿಯೋವರೆಗೂ ನಿಮ್ಮ ಡೇಟಾ ಇರೋದು ಉಳಿದ ಒಂದೇ ಡಿಸ್ಕಿನಲ್ಲಿ!

ಅಗ್ಗಕ್ಕೆ ಸಿಗುವ ಸೀಗೇಟ್ ಕಂಪನಿಯ 4 ಟಿಬಿ ಬಾರಕುಡಾ ಎಸ್‌ಎಂಆರ್, ಹಾಗಾಗಿ ಬೇಡ ಅಂದೆ. ನ್ಯಾಸ್ ಅಂತ ಹೆಸರಿದ್ದ ಮಾತ್ರಕ್ಕೂ ನಂಬುವ ಹಾಗಿಲ್ಲ. ನ್ಯಾಸ್‌ಗೆಂದೇ ಮಾರುವ ತನ್ನ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕುಗಳು ಎಸ್‌ಎಂಆರ್ ಅಂತ ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಆಮೇಲೆ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಅಂತ ಹೆಸರಿಟ್ಟಿತು. ಲೇಬಲ್ ಮೇಲೆ ಡಬ್ಲ್ಯುಡಿ40ಇಎಫ್‌ಎಎಕ್ಸ್ ಅಂತಿದ್ದರೆ ಎಸ್‌ಎಂಆರ್, ಡಬ್ಲ್ಯುಡಿ40ಇಎಫ್‌ಪಿಎಕ್ಸ್ ಅಂತಿದ್ದರೆ ಸಿಎಂಆರ್. ಆದರೆ 8 ಟಿಬಿಯಲ್ಲಿ ಅದೇ ಇಎಫ್‌ಎಎಕ್ಸ್ ಸಿಎಂಆರ್! ಕೊನೆಯ ಅಕ್ಷರ ಬಾಯಿಪಾಠ ಮಾಡಿದರೆ ಸಾಲದು, ಪೂರ್ತಿ ಮಾಡೆಲ್ ನಂಬರನ್ನು ಕಂಪನಿಯ ಪಟ್ಟಿಯಲ್ಲೇ ನೋಡಬೇಕು.

ಕೊನೆಗೆ ಉಳಿದದ್ದು ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್, ತೋಷಿಬಾ ಎನ್300. ಮೂರೂ ಸಿಎಂಆರ್, ಮೂರಕ್ಕೂ 3 ವರ್ಷ ವಾರಂಟಿ. ಎನ್300 ನಿಮಿಷಕ್ಕೆ 7200 ಸುತ್ತು ತಿರುಗುತ್ತೆ. ಉಳಿದೆರಡರ ಈಗಿನ 4 ಟಿಬಿ ಮಾಡೆಲ್‌ಗಳು 5400ರ ಲೆಕ್ಕದವು. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಜಾಸ್ತಿ ಹೋಗಲ್ಲ. ದೊಡ್ಡ ಫೈಲಾದರೆ 5400ರ ಡಿಸ್ಕೇ ಅಷ್ಟನ್ನು ಆರಾಮಾಗಿ ಕೊಡುತ್ತೆ. ನನ್ನ ನ್ಯಾಸ್ ಇರೋದು ಹಾಲಿನಲ್ಲಿ, ಟಿವಿ ಕೆಳಗೆ. ಸುಮ್ನೆ ಸದ್ದು, ಬಿಸಿ ಯಾಕೆ ಅಂತ ಎನ್300 ಬಿಟ್ಟೆ.

ರೆಡ್ ಪ್ಲಸ್ ಒಂದು, ಐರನ್‌ವುಲ್ಫ್ ಒಂದು ತೊಗೊಂಡೆ. ಒಂದೇ ಬ್ಯಾಚಿನ ಎರಡು ಡಿಸ್ಕ್ ಒಟ್ಟಿಗೇ ಕೈಕೊಡುವ ಭಯ ಇರಲ್ಲ ಅಲ್ವಾ. ಅಳತೆ ಒಂದೇ ಆದ್ದರಿಂದ ಮಿರರ್‌ಗೆ ತೊಂದರೆಯಾಗಲಿಲ್ಲ. ಕೈಗೆ ಬಂದ ಕೂಡಲೇ ಸೀರಿಯಲ್ ನಂಬರ್ ಹಾಕಿ, ಭಾರತದಲ್ಲಿ ವಾರಂಟಿ ಇದೆಯಾ ಅಂತ ಕಂಪನಿ ಸೈಟಿನಲ್ಲಿ ನೋಡಿದೆ. ಹೊರದೇಶದ ಮಾಲಾದರೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು. ಆಮೇಲೆ ರಾತ್ರಿಯಿಡೀ ಸ್ಮಾರ್ಟ್‌ನ (ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆ) ಲಾಂಗ್ ಟೆಸ್ಟ್ ಓಡಿಸಿದೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾಯಿಸಿದ ಜಾಗ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಕೆಟ್ಟಿರಬಹುದಾದ ಜಾಗ) ಎರಡೂ ಸಾಲುಗಳ ಕೊನೆಯಲ್ಲಿ ಸೊನ್ನೆ ನೋಡಿದ ಮೇಲೇ ಫೋಟೊ ಹಾಕಿದ್ದು.

ಮಿರರ್ ಅಂದರೆ ಬ್ಯಾಕಪ್ ಅಲ್ಲ. ಫೈಲ್ ಅಳಿಸಿದರೆ ಎರಡೂ ಕಡೆ ಹೋಗುತ್ತೆ. ಬ್ಯಾಕಪ್‌ಗೆ ಮನೆಯಲ್ಲಿದ್ದ ಹಳೇ ಯುಎಸ್‌ಬಿ ಡಿಸ್ಕನ್ನೇ ಇಟ್ಟುಕೊಂಡಿದ್ದೇನೆ. ಅದು ಎಸ್‌ಎಂಆರ್, ಆದರೂ ವಾರಕ್ಕೊಮ್ಮೆ ಹೊಸ ಫೈಲ್ ನಕಲು ಮಾಡಿ ಬೀರುವಿಗೆ ಹಾಕುವ ಕೆಲಸಕ್ಕೆ ಧಾರಾಳ ಸಾಕು.