ಎಸ್‌ಎಂಪಿಎಸ್ ಬದಲಿಸದೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದ್ದು

ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಮಂಡಕ್ಕಿ ಭಟ್ಟಿ ಕಡೆ ಮನೆ, ಮಹಡಿ ಮೇಲಿನ ರೂಮೇ ಸ್ಟುಡಿಯೋ. ಕಂಪ್ಯೂಟರ್ 2019ರಲ್ಲಿ ಕಟ್ಟಿಸಿದ್ದು. ಐ5-9400ಎಫ್ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡ್, ಒಳಗಿನ ಎಲ್ಲ ಭಾಗಕ್ಕೂ ಕರೆಂಟ್ ಹಂಚುವ 450 ವ್ಯಾಟ್ ಎಸ್‌ಎಂಪಿಎಸ್. ಫುಲ್ ಎಚ್‌ಡಿ ಇದ್ದಷ್ಟು ದಿನ ಏನೂ ತೊಂದರೆ ಇರಲಿಲ್ಲ. ಈಗ ಎಲ್ಲರಿಗೂ 4ಕೆ ಬೇಕು. ರಾತ್ರಿ ಆರತಕ್ಷತೆಯ ಕ್ಲಿಪ್ಪಿಗೆ ನಾಯ್ಸ್ ರಿಡಕ್ಷನ್ (ಕತ್ತಲಲ್ಲಿ ಬರುವ ಚುಕ್ಕೆ ತೆಗೆಯುವುದು) ಹಾಕಿದರೆ ಸಾಕು, ನಾನು ಎಡಿಟ್ ಮಾಡುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ 'ಜಿಪಿಯು ಮೆಮರಿ ಫುಲ್', ಅಂದರೆ ಗ್ರಾಫಿಕ್ಸ್ ಕಾರ್ಡಿನ ಮೆಮರಿ ತುಂಬಿತು, ಎಂದು ನಿಂತುಬಿಡುತ್ತಿತ್ತು.

2024ರ ಮದುವೆ ಸೀಸನ್ನಿನಲ್ಲಿ ಕಾರ್ಡ್ ಬದಲಿಸಲೇಬೇಕು ಅಂತ ತೀರ್ಮಾನ ಮಾಡಿದೆ. ಆದರೆ ಎಸ್‌ಎಂಪಿಎಸ್‌ಗೂ ದುಡ್ಡು ಹಾಕುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಯಾವ ಕಾರ್ಡ್ ಚೆನ್ನಾಗಿದೆ ಅಂತ ಹುಡುಕುವ ಮೊದಲು, ನನ್ನ ಹತ್ತಿರ ಇರುವುದು ಎಷ್ಟು ಹೊರುತ್ತದೆ ಅಂತ ನೋಡೋಣ ಎಂದುಕೊಂಡೆ.

ಒಂದು ಭಾನುವಾರ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿದೆ. ಭಟ್ಟಿ ಹೊಗೆಯ ಕರಿ, ಧೂಳು ಎರಡೂ ಸೇರಿ ಎಸ್‌ಎಂಪಿಎಸ್ ಫ್ಯಾನಿನ ಮೇಲೆ ಮೆತ್ತಗಿನ ಬಟ್ಟೆ ಹಾಸಿದಂತೆ ಕೂತಿತ್ತು. ಬ್ರಷ್‌ನಿಂದ ಉಜ್ಜಿ, ಮೊಬೈಲ್ ಟಾರ್ಚ್ ಹಿಡಿದು ಸ್ಟಿಕ್ಕರ್ ಓದಿದೆ. ಅದರಲ್ಲಿ ನಾಲ್ಕೈದು ಸಾಲು ಇರುತ್ತವೆ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್. ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ಹೋಗುವುದು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟ್ ಲೈನಿನಿಂದಲೇ. ಅಲ್ಲಿ 37 ಆಂಪಿಯರ್ ಎಂದಿತ್ತು. 12ರಿಂದ ಗುಣಿಸಿದರೆ 444 ವ್ಯಾಟ್. ಅಂದರೆ ಹೆಸರಿಗೆ ಬರೆದ 450ರಲ್ಲಿ ಹತ್ತಿರ ಹತ್ತಿರ ಎಲ್ಲವೂ ನನಗೆ ಬೇಕಾದ ಲೈನಿನಲ್ಲೇ ಸಿಗುತ್ತದೆ.

ಇದು ಎಲ್ಲ 450ಕ್ಕೂ ನಿಜವಲ್ಲ. ವಿದ್ಯಾನಗರದಲ್ಲಿ ಓದುವ ನನ್ನ ಅತ್ತೆ ಮಗ ತನ್ನ ಪಿಸಿಗೂ ಕಾರ್ಡ್ ಹಾಕಿಸಬೇಕು ಅಂತ ಅದೇ ವಾರ ಕೇಳಿದ್ದ. ಅವನದ್ದೂ 450 ವ್ಯಾಟೇ. ಸ್ಟಿಕ್ಕರಿನ ಫೋಟೋ ಕಳಿಸು ಎಂದೆ. ಅದರ 12 ವೋಲ್ಟ್ ಸಾಲಿನಲ್ಲಿ ಇದ್ದದ್ದು 16 ಆಂಪಿಯರ್. ಅಂದರೆ 192 ವ್ಯಾಟ್! ಉಳಿದದ್ದೆಲ್ಲ ಈ ಕಾಲದ ಪಿಸಿಗೆ ಜಾಸ್ತಿ ಬೇಕಿಲ್ಲದ 3.3 ಮತ್ತು 5 ವೋಲ್ಟಿನ ಲೆಕ್ಕ. ಎರಡೂ ಡಬ್ಬದ ಮೇಲೆ ಒಂದೇ ಅಂಕಿ, ಅವನದರ 12 ವೋಲ್ಟಿನಲ್ಲಿ ನನ್ನದರ ಅರ್ಧಕ್ಕಿಂತ ಕಡಿಮೆ. ಅವನಿಗೆ, "ಕಾರ್ಡ್ ಆಮೇಲೆ ನೋಡೋಣ ತಮ್ಮಾ, ಮೊದಲು ಇದನ್ನ ಬದಲಿಸು" ಎಂದೆ.

ಇನ್ನೊಂದು ತಪ್ಪು ತಿಳಿವಳಿಕೆ ನನಗೇ ಇತ್ತು. ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅಂತ ತೋರಿಸಲು ಡಬ್ಬದ ಮೇಲೆ ಹಾಕುವ '80 ಪ್ಲಸ್' ಗುರುತು ಅಂದರೆ 450ರಲ್ಲಿ ಶೇಕಡಾ 80 ಮಾತ್ರ ಸಿಗುತ್ತದೆ, 360 ವ್ಯಾಟ್ ಅಷ್ಟೇ ಅಂದುಕೊಂಡಿದ್ದೆ. ಹಾಗಲ್ಲ. 450 ಎನ್ನುವುದು ಒಳಗೆ ಕೊಡುವ ಲೆಕ್ಕ. ಸೋರಿಕೆ ಆಗುವುದು ಗೋಡೆಯ ಪ್ಲಗ್ಗಿನ ಕಡೆ. ಒಳಗೆ 300 ಕೊಡಬೇಕಾದರೆ ಗೋಡೆಯಿಂದ 345-350 ಎಳೆಯುತ್ತದೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಈ ವ್ಯತ್ಯಾಸ ಮುಂದೆ ನನಗೆ ಬಹಳ ಮುಖ್ಯವಾಯಿತು.

ಕಾರ್ಡಿಗೆ ಕರೆಂಟ್ ಬರುವ ದಾರಿ ಎರಡು. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್: 6 ಪಿನ್ನಿಂದ 75, 8 ಪಿನ್ನಿಂದ 150. ನನ್ನ ಹಳೇ ಕಾರ್ಡಿಗೆ ಸ್ಲಾಟೇ ಸಾಕಾಗಿತ್ತು. ಹಾಗಾಗಿ 6 ಪಿನ್ನಿಗೂ 8 ಪಿನ್ನಿಗೂ ಆಗುವ 6+2 ಪಿನ್ನಿನ ಕೇಬಲ್ ಐದು ವರ್ಷ ಹಾಗೇ ಟೈ ಹಾಕಿ ಮಡಚಿಟ್ಟದ್ದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ನೋಡಿ ಅರ್ಧ ಸಮಾಧಾನವಾಯಿತು. ಅದರ ಪಕ್ಕದಲ್ಲೇ ಪ್ರೊಸೆಸರಿಗೆ ಹೋಗುವ 4+4 ಪಿನ್ ಇರುತ್ತದೆ. ನೋಡೋಕೆ ಒಂದೇ ಥರ, ಆದರೆ 12 ವೋಲ್ಟೂ ಗ್ರೌಂಡೂ ಅದಲುಬದಲು ಇರುತ್ತವೆ. ಒತ್ತಿ ತುರುಕಲು ಹೋಗಬಾರದು.

ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, "8 ಪಿನ್ ಇಲ್ಲದಿದ್ರೂ ಏನೂ ಆಗಲ್ಲ ಬಿಡ್ರಿ ಅಣ್ಣಾ, ಸಾಟಾದಿಂದ ಕನ್ವರ್ಟರ್ ಹಾಕ್ಕೊಡ್ತೀನಿ" ಎಂದರು. ಇದು ಬೇಡವೇ ಬೇಡ. ಹಾರ್ಡ್ ಡಿಸ್ಕಿನ ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಸಣ್ಣ ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವ್ಯಾಟ್. ಅದರಿಂದ 150 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ಲೇ ಇಲ್ಲ ಅಂದರೆ, ಅಷ್ಟು ದೊಡ್ಡ ಕಾರ್ಡಿಗಾಗಿ ಅದನ್ನು ಮಾಡಿಲ್ಲ ಅಂತಲೇ ಅರ್ಥ.

ನನ್ನ ಕಣ್ಣು ಇದ್ದದ್ದು ಆರ್‌ಟಿಎಕ್ಸ್ 3060 ಮೇಲೆ. 12 ಜಿಬಿ ಮೆಮರಿ, ನನ್ನ ಕೆಲಸಕ್ಕೆ ಅದಕ್ಕಿಂತ ಏನು ಬೇಕು! ಆದರೆ ಅದು 170 ವ್ಯಾಟ್ ತಿನ್ನುತ್ತದೆ. ಆರ್‌ಟಿಎಕ್ಸ್ 4060ಗೆ 8 ಜಿಬಿ, 115 ವ್ಯಾಟ್. ಆರ್‌ಟಿಎಕ್ಸ್ 3050ಯ 6 ಜಿಬಿ ಮಾಡೆಲ್ಲಿಗೆ 70 ವ್ಯಾಟ್ ಸಾಕು, ಕೇಬಲ್ಲೇ ಬೇಡ. (8 ಜಿಬಿಯ 3050 ಬೇರೆ, ಅದು 130 ವ್ಯಾಟ್. ಹೆಸರು ಒಂದೇ ಅಂತ ಮೋಸ ಹೋಗಬೇಡಿ.) 3060 ಮತ್ತು 4060 ಎರಡಕ್ಕೂ ಇವುಗಳ ಕಂಪನಿ ಎನ್ವಿಡಿಯಾ ಹೇಳುವುದು 550 ವ್ಯಾಟ್ ಎಸ್‌ಎಂಪಿಎಸ್. ನನ್ನದು 450. ಆದರೆ ನಮ್ಮ ಡಬ್ಬದಲ್ಲಿ ಯಾವ ಪ್ರೊಸೆಸರ್ ಇದೆ, ಎಂಥ ಎಸ್‌ಎಂಪಿಎಸ್ ಇದೆ ಅಂತ ಆ ಕಂಪನಿಗೆ ಗೊತ್ತಿರುವುದಿಲ್ಲ. ಎಲ್ಲರಿಗೂ ಸೇರಿಸಿ ಧಾರಾಳವಾಗಿ ಹೇಳಿರುತ್ತಾರೆ. ಆ ಮಾತನ್ನು ಸುಮ್ನೆ ತಳ್ಳಿಹಾಕಬಾರದು, ನಮ್ಮ ಲೆಕ್ಕ ನಾವು ಹಾಕಿ ನೋಡಬೇಕು.

ರೆಂಡರ್ (ಎಡಿಟ್ ಮುಗಿದ ಮೇಲೆ ಕೊನೆಯ ವಿಡಿಯೋ ಫೈಲ್ ತಯಾರಾಗುವ) ಹೊತ್ತಿನಲ್ಲಿ ನನ್ನ ಪ್ರೊಸೆಸರ್ ಸುಮಾರು 75 ವ್ಯಾಟ್ ತೋರಿಸುತ್ತಿತ್ತು. ಬೋರ್ಡ್, ರ್‍ಯಾಮ್, ಎರಡು ಡಿಸ್ಕ್, ಫ್ಯಾನ್ ಸೇರಿ 40 ಇಟ್ಟುಕೊಂಡೆ. 3060 ಹಾಕಿದರೆ 285, 4060 ಹಾಕಿದರೆ 230. ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಹೇಳಿದ ವ್ಯಾಟಿಗಿಂತ ಎಷ್ಟೋ ಮೇಲೆ ಹಾರುತ್ತವೆ, ಅದಕ್ಕೂ ಜಾಗ ಬಿಟ್ಟು ಲೆಕ್ಕ ನೋಡಬೇಕು. ಹಾಗಿದ್ದರೂ 444ರ ಒಳಗೆ ಎರಡೂ ಕೂತವು. ಸರಿ, 3060 ಅಂತ ಮನಸ್ಸು ಮಾಡಿದೆ. ಕೊಳ್ಳುವ ಮೊದಲು ನೋಡೋಣ ಅಂತ ಗೆಳೆಯನ 3060 ತಂದು ಒಂದು ದಿನ ಹಾಕಿದೆ.

ರೆಂಡರ್ ಹಾರಿತು ಅಂತಲೇ ಹೇಳಬೇಕು. ಹಳೇ ಕಾರ್ಡ್ ನಿಲ್ಲುತ್ತಿದ್ದ ಅದೇ ಕ್ಲಿಪ್ ಸಲೀಸಾಗಿ ಓಡಿತು. ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಒಂದೇ ಸಲ ಉದ್ದಕ್ಕೆ ಕಿರುಚಿತು, ಎರಡೂ ಸ್ಕ್ರೀನ್ ಕಪ್ಪಾದವು. ಮುಕ್ಕಾಲು ಗಂಟೆಯ ರೆಂಡರ್ ಹೋಯಿತು.

ಎಸ್‌ಎಂಪಿಎಸ್ ಕೈಕೊಟ್ಟಿತು ಅಂತಲೇ ಮೊದಲು ಅನ್ನಿಸಿತು. ಆದರೆ ಕರೆಂಟ್ ಬಂದ ಮೇಲೆ ಅದೇ ರೆಂಡರ್ ಪೂರ್ತಿ ಓಡಿತು. ಆಗ ಮೇಜಿನ ಕೆಳಗೆ ಬಗ್ಗಿ ಯುಪಿಎಸ್‌ನ ಬೆನ್ನು ನೋಡಿದೆ: 600 ವಿಎ, 360 ವ್ಯಾಟ್. ಇಷ್ಟು ದಿನ 600 ಎನ್ನುವುದನ್ನೇ ವ್ಯಾಟ್ ಅಂದುಕೊಂಡಿದ್ದೆ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಒಂದನ್ನು ಎಲೆಕ್ಟ್ರಿಷಿಯನ್ ಹತ್ತಿರ ಇಸಿದುಕೊಂಡು ಅಳೆದೆ. ರೆಂಡರಿನಲ್ಲಿ ಕ್ಯಾಬಿನೆಟ್ ಒಂದೇ 335 ವ್ಯಾಟ್ ಎಳೆಯುತ್ತಿತ್ತು, ಎರಡು ಮಾನಿಟರ್ ಸೇರಿ 45. ಒಟ್ಟು 380. ಎಸ್‌ಎಂಪಿಎಸ್‌ಗೆ ಭಾರವಾಗದ ಕಾರ್ಡ್ ಯುಪಿಎಸ್‌ಗೆ ಭಾರವಾಗಿತ್ತು. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲವಾದರೂ ಕರೆಂಟ್ ಹೋಗುವ ನಮ್ಮ ಏರಿಯಾದಲ್ಲಿ ಯುಪಿಎಸ್ಸನ್ನು ಲೆಕ್ಕಕ್ಕೆ ಹಿಡಿಯದೆ ಕಾರ್ಡ್ ಆರಿಸಿದರೆ ಅರ್ಧ ಲೆಕ್ಕ ಅಷ್ಟೇ. ವ್ಯಾಟೇಜಿನ ಬಗ್ಗೆ ನಾನು ಓದಿದ ಯಾವ ಕಡೆಯೂ ಈ ಮಾತು ಸಿಕ್ಕಿರಲಿಲ್ಲ.

ಮನಸ್ಸಿಗೆ ಕಷ್ಟವೇ ಆಯಿತು, 12 ಜಿಬಿ ಬಿಟ್ಟುಕೊಡುವುದು. ಎರಡು ದಿನ ಯೋಚಿಸಿದೆ. ಎಸ್‌ಎಂಪಿಎಸ್‌ಗೆ ಐದು ವರ್ಷ ವಯಸ್ಸು, ವಾರಂಟಿ ಮುಗಿದಿದೆ, ರೂಮಿನಲ್ಲಿ ಎಸಿ ಇಲ್ಲ, ಏಪ್ರಿಲ್‌ನಲ್ಲಿ ಮಹಡಿ ಕಾದ ಹೆಂಚಿನಂತಿರುತ್ತದೆ. ಅದನ್ನು ದಿನವೂ ಗಂಟೆಗಟ್ಟಲೆ ದುಡಿಸುವವನು ನಾನು. 4060 ಅಂತ ತೀರ್ಮಾನಿಸಿದೆ. 3050 6 ಜಿಬಿ ಇನ್ನೂ ಹಗುರ, ಆದರೆ 4ಕೆ ನಾಯ್ಸ್ ರಿಡಕ್ಷನ್ನಿಗೆ ಆ ಮೆಮರಿ ಬೇಗ ಸಾಲದೆ ಬರುತ್ತದೆ ಅನ್ನಿಸಿತು. ಸ್ಲಾಟಿನಲ್ಲಿ ಡೇಟಾ ಓಡಾಡುವ ದಾರಿಗಳಲ್ಲಿ (ಲೇನ್) 4060 ಬಳಸುವುದು ಎಂಟು ಮಾತ್ರ, ನನ್ನ ಬೋರ್ಡಿನ ಸ್ಲಾಟೂ ವೇಗ ಕಡಿಮೆಯ ಹಳೇ ಪಿಸಿಐಇ 3.0. ನನ್ನ ಕೆಲಸದಲ್ಲಿ ಅದರಿಂದ ತೊಂದರೆ ಕಾಣಲಿಲ್ಲ.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಕ್ಯಾಬಿನೆಟ್ ಅಳೆದೆ. ಹಾರ್ಡ್ ಡಿಸ್ಕಿನ ಗೂಡಿನವರೆಗೆ 27 ಸೆಂಟಿಮೀಟರ್ ಜಾಗ. ಹಾಗಾಗಿ ಮೂರು ಫ್ಯಾನಿನದ್ದು ಬಿಟ್ಟು ಎರಡು ಫ್ಯಾನಿನ ಗಿಡ್ಡ ಮಾಡೆಲ್, ಒಂದೇ 8 ಪಿನ್ ಇರುವುದು ತಂದೆ. ಪಿನ್ ಕೂರಿಸುವಾಗ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಬೇಕು, ಅರ್ಧ ಕೂತ ಪಿನ್ ಬಿಸಿಯಾಗುತ್ತದೆ. ಮತ್ತೆ ಮೀಟರ್ ಹಾಕಿದೆ. ಕ್ಯಾಬಿನೆಟ್ 265, ಮಾನಿಟರ್ ಸೇರಿ 310. ಎರಡನೇ ಮಾನಿಟರನ್ನು ಯುಪಿಎಸ್‌ನಿಂದ ತೆಗೆದು ನೇರ ಗೋಡೆಗೆ ಹಾಕಿದೆ, ಅದರ ಭಾರ ಇನ್ನೂ 22 ವ್ಯಾಟ್ ಇಳಿಯಿತು.

ಮುಂದಿನ ವಾರ ಹರಿಹರದ ಮದುವೆಯೊಂದರ ರೆಂಡರ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಪಕ್ಕದ ಮಾನಿಟರ್ ಕಪ್ಪಾಯಿತು. ಯುಪಿಎಸ್ ಬಿಟ್ಟು ಬಿಟ್ಟು ಬೀಪ್ ಎನ್ನುತ್ತಿತ್ತು, ಮುಂದಿನ ಸ್ಕ್ರೀನಿನಲ್ಲಿ ಅಂಕಿ ಓಡುತ್ತಲೇ ಇತ್ತು. ಸಿಕ್ಕಿದ್ದು ಎರಡು ನಿಮಿಷ. ರೆಂಡರ್ ನಿಲ್ಲಿಸಿ, ಪ್ರಾಜೆಕ್ಟ್ ಸೇವ್ ಮಾಡಿ, ಶಟ್‌ಡೌನ್ ಮಾಡಿ ಕೆಳಗಿಳಿದು ಹೋಗಿ ಚಹಾ ಕುಡಿದೆ.