ಎಫ್‌ಎಸ್‌ಎಲ್ ವರದಿಯನ್ನು ಬಿಟ್ಟೆ, ಮುದ್ದೆಮಾಲಿನ ಜಾಡು ಹಿಡಿದೆ

ರಕ್ತದ ಕಲೆಯ ಕೇಸುಗಳಲ್ಲಿ ಆರೋಪಿ ಪರ ವಾದಿಸುವಾಗ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಜ್ಞರನ್ನೇ ಪಾಟಿ ಸವಾಲಿನಲ್ಲಿ ಬಗ್ಗಿಸುತ್ತೇನೆಂದು ಹೊರಟು ಮೂರು ಸೆಷನ್ಸ್ ಕೇಸು ಸೋತೆ. ಒಂದರಲ್ಲಿ ನಿವೃತ್ತ ತಜ್ಞರಿಂದ ಬೇರೆ ಅಭಿಪ್ರಾಯ ಬರೆಸಲು ಕಕ್ಷಿದಾರನ ಮನೆಯವರು ಸಾಲ ಮಾಡಿ ನಲವತ್ತು ಸಾವಿರದಷ್ಟು ಹೊಂದಿಸಿದ್ದರು. ತೀರ್ಪಿನಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಸಾಲು. ಆ ದುಡ್ಡು ಇವತ್ತಿಗೂ ಕೊರೆಯುತ್ತದೆ.

ನಾಲ್ಕನೆಯದರಲ್ಲಿ ವರದಿಯ ತಂಟೆಗೇ ಹೋಗಲಿಲ್ಲ. ‘ತಜ್ಞರನ್ನು ಬಿಟ್ಟು ಪೇದೆಯನ್ನು ಕೇಳಿದರೆ ಏನು ಸಿಗುತ್ತದೆ’ ಎಂದರು ಹಿರಿಯ ವಕೀಲರು. ಸಿಕ್ಕಿತು. ದಾಖಲೆ ಹಾಜರುಪಡಿಸಲು ಕೋರ್ಟು ಆದೇಶಿಸುವ ಕಲಮು ಆಗ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 91, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ 94. ಅದರಡಿ ಪಿ.ಎಫ್. (ಜಪ್ತಿಯಾದ ವಸ್ತುಗಳ ಪಟ್ಟಿ), ಠಾಣೆಯ ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ರಿಜಿಸ್ಟರ್, ಮಾಲು ಒಯ್ದ ಪೇದೆಯ ಪಾಸ್‌ಪೋರ್ಟ್ (ಕರ್ತವ್ಯದ ಮೇಲೆ ಕಳಿಸುವಾಗ ಠಾಣೆ ಕೊಡುವ ಚೀಟಿ), ಎಫ್‌ಎಸ್‌ಎಲ್ ಸ್ವೀಕೃತಿ, ಸೀರಾಲಜಿ (ರಕ್ತ ಪರೀಕ್ಷೆಯ ವಿಭಾಗ) ವರ್ಕ್‌ಶೀಟ್ ತರಿಸಿದೆ. ನಕಲಿನ ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ.

ಜಪ್ತಿಯಿಂದ ಪ್ರಯೋಗಾಲಯ ಮುಟ್ಟುವವರೆಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ದಿನ. ಮಹಜರಿನಲ್ಲಿ ಸೀಲಿನ ಅಕ್ಷರ ‘ಎಂ’, ಸ್ವೀಕೃತಿಯಲ್ಲಿ ‘ಆರ್’. ಹೋಲಿಸಿ ನೋಡಲು ಇಡುವ ಮಾದರಿ ಸೀಲು ಕಡತದಲ್ಲೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಆರೋಪಿಯ ಅಂಗಿ ಮತ್ತು ಮೃತನ ಪಂಚೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ! ಹಸಿ ರಕ್ತ ಒಂದರಿಂದ ಇನ್ನೊಂದಕ್ಕೆ ಹತ್ತಲು ಇನ್ನೇನು ಬೇಕು? ‘ಅಂಗಿಯ ಮೇಲೆ ಓ ಗುಂಪಿನ ಮಾನವ ರಕ್ತ’ ಎಂಬ ವರದಿ ನೂರಕ್ಕೆ ನೂರು ಸರಿಯೇ ಇರಬಹುದು. ಆ ರಕ್ತ ಅಂಗಿಗೆ ಯಾವಾಗ ಬಂತು ಎಂದು ಅದು ಹೇಳುವುದಿಲ್ಲ. ಓ ಗುಂಪು ನಮ್ಮಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರದು. ಆರೋಪಿಯ ಗುಂಪು ಯಾವುದೆಂದು ಐ.ಓ. (ತನಿಖಾಧಿಕಾರಿ) ನೋಡಿಸಿಯೇ ಇರಲಿಲ್ಲ. ಖುಲಾಸೆಯಾಯಿತು. ಆಮೇಲೆ ಇದೇ ದಾರಿಯಲ್ಲಿ ಇನ್ನೆರಡು ಗೆದ್ದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಮಳೆಗಾಲದಲ್ಲಿ ಹತ್ತಿಬಟ್ಟೆಗೆ ಕುರಿ ರಕ್ತ ಹಚ್ಚಿ, ಒಂದನ್ನು ಹಸಿಯಾಗಿಯೇ ಪಾಲಿಥೀನ್‌ನಲ್ಲಿ, ಇನ್ನೊಂದನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಇಟ್ಟೆ. ಹತ್ತು ದಿನಕ್ಕೆ ಮೊದಲನೆಯದು ಬೂಸ್ಟು ಹಿಡಿದು ನಾರುತ್ತಿತ್ತು, ಎರಡನೆಯದು ಹಾಗೇ ಇತ್ತು. ಕೋರ್ಟಿನಲ್ಲಿ ಇದು ಸಾಕ್ಷ್ಯವಲ್ಲ, ಆದರೆ ಪ್ರಶ್ನೆ ಹೆಣೆಯಲು ಬಂತು.

ವಿಜ್ಞಾನ ಸರಿಯಾಗಿ ಹೇಳಿದರೂ ಕೇಳಿಸಿಕೊಳ್ಳದ ಉದಾಹರಣೆ ಕುಶಾಲನಗರದ ಕಡೆಯದು. ಅಸ್ಥಿಪಂಜರದ ಡಿಎನ್‌ಎ ಕಾಣೆಯಾದವಳ ತಾಯಿಯ ಡಿಎನ್‌ಎಗೆ ಹೊಂದಲಿಲ್ಲ. ಆದರೂ ಗಂಡನ ಮೇಲಿನ ಕೊಲೆ ವಿಚಾರಣೆ ನಡೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಸಿಕ್ಕಳು.

ಪೇದೆಯನ್ನೂ ಐ.ಓ.ಯನ್ನೂ ಯಾವ ಕ್ರಮದಲ್ಲಿ ಕೇಳುತ್ತೇನೆಂದು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಬಲ್ಲೆ: ಅರ್ಜಿಯಲ್ಲಿ ಇಂಥ ತಾರೀಕಿನ ಪುಟ ಬೇಕೆಂದು ನಮೂದಿಸಬೇಡಿ, ಆ ವರ್ಷದ ಇಡೀ ರಿಜಿಸ್ಟರನ್ನೇ ಕೇಳಿ.